ಬಡ್ಜಿಗಳನ್ನು ಪಂಜರದಿಂದ ಹೊರಗೆ ಬಿಡುವ ಮೊದಲು ಮನೆಯಲ್ಲಿ ಏನೇನು ನೋಡಿಕೊಳ್ಳಬೇಕು?

ಮೂಲೆಮನೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಜೋಡಿ ಬಡ್ಜಿ ಇವೆ. ಅಂಗಡಿಗಳಲ್ಲಿ ಲವ್ ಬರ್ಡ್ಸ್ ಅಂತ ಹೇಳಿ ಕೊಡುವ ಪುಟ್ಟ ಗಿಳಿಗಳು. ಒಂದು ಹಸಿರು, ಇನ್ನೊಂದು ನೀಲಿ. ಈಗ ಇಬ್ಬರೂ ಕೈಯಿಂದ ನವಣೆ ತೆನೆ ತಿನ್ನುತ್ತಾರೆ. ಹಸಿರು ಹಕ್ಕಿ ಬೆರಳ ಮೇಲೂ ಕೂರುತ್ತದೆ. ನೀಲಿಗೆ ಇನ್ನೂ ಅಂಜಿಕೆ.

ಪಂಜರ ಚಿಕ್ಕದೇನಲ್ಲ. ಆದರೂ ಅದರೊಳಗೆ ಕಡ್ಡಿಯಿಂದ ಕಡ್ಡಿಗೆ ನೆಗೆಯಬಹುದು ಅಷ್ಟೇ, ಹಾರೋಕೆ ಆಗಲ್ಲ. ಬೆಳಿಗ್ಗೆ ಕಡ್ಡಿ ಹಿಡಿದು ನಿಂತ ಜಾಗದಲ್ಲೇ ರೆಕ್ಕೆ ಬಡಿಯುವುದನ್ನು ನೋಡಿದರೆ ಸಂಕಟ ಆಗುತ್ತದೆ. ದಿನಾ ಸ್ವಲ್ಪ ಹೊತ್ತು ಹಾಲ್‌ನಲ್ಲಿ ಬಿಡಬೇಕು ಅಂತ ಆಸೆ. ಹಾಲ್‌ನಲ್ಲಿ ಸೀಲಿಂಗ್ ಫ್ಯಾನ್ ಇದೆ. ಎರಡು ಕಿಟಕಿ, ಒಂದಕ್ಕೆ ಮಾತ್ರ ಸೊಳ್ಳೆ ಮೆಶ್. ಬಾಲ್ಕನಿಗೆ ಗಾಜಿನ ಸ್ಲೈಡಿಂಗ್ ಬಾಗಿಲು. ಅಡುಗೆಮನೆ ಓಪನ್, ನಡುವೆ ಗೋಡೆ ಇಲ್ಲ.

ಅತ್ತೆ ಹೇಳುತ್ತಾರೆ, "ಪಾಪ, ಬಾಗಿಲು ತೆಗೆದು ಆಕಾಶಕ್ಕೇ ಬಿಟ್ಟುಬಿಡು, ಪುಣ್ಯ ಬರುತ್ತೆ." ಅಂಗಡಿಯವರು ಹೇಳುತ್ತಾರೆ, "ತನ್ನಿ, ರೆಕ್ಕೆ ಕತ್ತರಿಸಿ ಕೊಡ್ತೀನಿ." ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಮನೆಯೊಳಗೆ ಬಿಟ್ಟು ರೂಢಿ ಇರುವವರು ದಯವಿಟ್ಟು ಹೇಳಿ. ವಾಪಸ್ ಒಳಗೆ ಹೇಗೆ ಕಳಿಸುತ್ತೀರಿ ಅನ್ನುವುದನ್ನೂ ಹೇಳಿ.

ತಾರಸಿತೋಟ, ಮೈಸೂರು

ಮೊದಲು ಫ್ಯಾನ್ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆಯ ಮನೆಗಳಲ್ಲಿ ಸಾಕಿದ ಹಕ್ಕಿಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಬಡ್ಜಿ ಬೆದರಿದರೆ ಮೇಲಕ್ಕೇ ಹಾರುತ್ತದೆ. ಮೇಲೆ ಇರುವುದು ಫ್ಯಾನ್. ನಿಧಾನಕ್ಕೆ ತಿರುಗುತ್ತಿದ್ದರೂ ಹಕ್ಕಿಯ ರೆಕ್ಕೆ ಮುರಿಯುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಪೂರ್ತಿ ನಿಲ್ಲುವ ತನಕ ಕಾಯಬೇಕು.

ಜನ ಜಾಸ್ತಿ ಮರೆಯುವುದು ಕರೆಂಟ್ ಹೋದಾಗ. ಫ್ಯಾನ್ ನಿಂತಿದೆಯಲ್ಲ ಅಂತ ಪಂಜರ ತೆಗೆಯುತ್ತೇವೆ. ಸ್ವಿಚ್ ಮಾತ್ರ ಆನ್ ಇರುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಅದೇ ಆದ್ದರಿಂದ ಹಕ್ಕಿ ಹೋಗಿ ಫ್ಯಾನಿನ ಮೇಲೇ ಕೂರುತ್ತದೆ. ಅಷ್ಟರಲ್ಲಿ ಕರೆಂಟ್ ಬಂದರೆ? ಹಾಗಾಗಿ ಫ್ಯಾನ್ ನಿಂತಿದೆಯಾ ಅಂತ ನೋಡಬೇಡಿ, ಸ್ವಿಚ್ ನೋಡಿ. ಸ್ವಿಚ್ ಮೇಲೆ ಒಂದು ತುಂಡು ಟೇಪ್ ಅಂಟಿಸಿಬಿಡಿ. ಹೊರಗಿನಿಂದ ಬೆವರಿಕೊಂಡು ಬಂದವರ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ರಿಮೋಟ್ ಫ್ಯಾನ್ ಆದರೂ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ. ಪಕ್ಕದ ರೂಮಿನ ಬಾಗಿಲು ತೆಗೆದಿದ್ದರೆ ಅಲ್ಲಿಯ ಫ್ಯಾನ್ ಕೂಡ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ಮನೆಯ ಮುಂಬಾಗಿಲು. ಹಕ್ಕಿ ಹೊರಗಿರುವಾಗ ಕೊರಿಯರ್ ಬರುತ್ತದೆ, ಮಕ್ಕಳು ಓಡಿಹೋಗಿ ಬಾಗಿಲು ತೆಗೆಯುತ್ತಾರೆ. ಚಿಲಕ ಹಾಕಿ, ಅದರ ಮೇಲೆ "ಹಕ್ಕಿ ಹೊರಗಿದೆ" ಅಂತ ಒಂದು ಚೀಟಿ ನೇತುಹಾಕಿ. ಕೆಲಸಕ್ಕೆ ಬರುವವರಿಗೂ ಹೇಳಿಡಿ.

ಗರಿಗಂಟು, ಬೆಂಗಳೂರು

ನಾನು ಪಶುವೈದ್ಯೆ. ಸಾಕುಹಕ್ಕಿಗಳನ್ನೂ ನೋಡುತ್ತೇನೆ. ಮೂಲೆಮನೆಯವರೇ, ನಿಮ್ಮ ಪೋಸ್ಟಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದದ್ದು ಆ ಓಪನ್ ಅಡುಗೆಮನೆ.

ಹಕ್ಕಿಗಳ ಉಸಿರಾಟ ನಮ್ಮಂತೆ ಅಲ್ಲ. ಶ್ವಾಸಕೋಶದ ಜೊತೆಗೆ ಮೈಯೊಳಗೆ ಗಾಳಿಚೀಲಗಳಿವೆ. ಗಾಳಿಯಲ್ಲಿರುವ ಆಮ್ಲಜನಕವನ್ನು ನಮಗಿಂತ ಚೆನ್ನಾಗಿ ಹೀರಿಕೊಳ್ಳುತ್ತವೆ. ವಿಷವನ್ನೂ ಅಷ್ಟೇ ಬೇಗ ಹೀರಿಕೊಳ್ಳುತ್ತವೆ. ನಾನ್‌ಸ್ಟಿಕ್ ತವಾದ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಡೆದು ಅನಿಲ ಬಿಡಲು ಶುರುವಾಗುತ್ತದೆ. ಖಾಲಿ ತವಾ ದೊಡ್ಡ ಉರಿಯ ಮೇಲೆ ಕೆಲವೇ ನಿಮಿಷ ಉಳಿದರೆ ಸಾಕು. ನಮಗೆ ವಾಸನೆಯೂ ಗೊತ್ತಾಗದಿರಬಹುದು. ಬಡ್ಜಿ ನಿಮಿಷಗಳಲ್ಲಿ ಸತ್ತುಹೋಗಬಹುದು. ಪಂಜರದ ಒಳಗಿದ್ದರೂ ಅಷ್ಟೇ, ಹೊರಗಿದ್ದರೂ ಅಷ್ಟೇ. ನಿಮ್ಮ ಮನೆಯಲ್ಲಿ ಅಡುಗೆಗೂ ಹಕ್ಕಿಗೂ ನಡುವೆ ಬಾಗಿಲೇ ಇಲ್ಲ. ದೋಸೆಗೆ ಕಬ್ಬಿಣದ ಕಾವಲಿಗೆ ವಾಪಸ್ ಹೋಗಿ. ಕೆಲವು ಇಸ್ತ್ರಿಪೆಟ್ಟಿಗೆಗಳ ಅಡಿಗೂ ಇದೇ ಲೇಪನ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಸೊಳ್ಳೆ ಬತ್ತಿ, ರೂಮ್ ಸ್ಪ್ರೇ, ಸಾಂಬ್ರಾಣಿ ಹೊಗೆ ಇವೂ ಹಕ್ಕಿ ಇರುವ ಕೋಣೆಗೆ ಬೇಡ. ಪೂಜೆ ನಿಲ್ಲಿಸಿ ಅಂತ ಹೇಳುತ್ತಿಲ್ಲ. ಪಂಜರವನ್ನು ಬೇರೆ ಕೋಣೆಗೆ ಒಯ್ದು ಬಾಗಿಲು ಹಾಕಿದರೆ ಆಯಿತು.

ಇನ್ನು ಬಿಡುವ ವೇಳೆ. ಒಲೆ ಪೂರ್ತಿ ಆರಿರಬೇಕು, ಬಿಸಿ ಪಾತ್ರೆಗಳಿಗೆ ಮುಚ್ಚಳ ಇರಬೇಕು. ಹೊಸದಾಗಿ ಹಾರುವ ಹಕ್ಕಿಗೆ ಎಲ್ಲಿ ಇಳಿಯಬೇಕು ಅಂತ ಗೊತ್ತಿರುವುದಿಲ್ಲ. ಸಾರಿನ ಪಾತ್ರೆ, ನೀರಿನ ಬಕೆಟ್, ಕಮೋಡ್, ಎಲ್ಲವೂ ಅದಕ್ಕೆ ಒಂದೇ. ಬಕೆಟ್ಟಿಗೆ ಬಿದ್ದರೆ ಗರಿ ಒದ್ದೆಯಾಗಿ ಮೇಲೆ ಬರಲು ಆಗುವುದಿಲ್ಲ. ಬಾತ್‌ರೂಮ್ ಬಾಗಿಲು ಮುಚ್ಚಿ.

ಹುಬ್ಬಳ್ಳಿಹಕ್ಕಿ, ಹುಬ್ಬಳ್ಳಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ಕೂಡು ಕುಟುಂಬ. ಸಣ್ಣ ಮಕ್ಕಳಿದ್ದಾರೆ, ಇಡೀ ದಿನ ಬಾಗಿಲು ತೆಗೆದೇ ಇರುತ್ತದೆ. ನಾವು ರೆಕ್ಕೆಯ ತುದಿ ಗರಿ ಕತ್ತರಿಸಿಯೇ ಸಾಕಿದ್ದೇವೆ. ಹಕ್ಕಿಗೆ ನೋವಾಗುವುದಿಲ್ಲ, ನಾವು ಉಗುರು ತೆಗೆದ ಹಾಗೆ. ಗರಿ ಉದುರಿ ಹೊಸದು ಬಂದಾಗ ಮತ್ತೆ ಹಾರುತ್ತವೆ. ಹಾರಿಹೋಗಿ ಕಾಗೆಗಳ ಪಾಲಾಗುವುದಕ್ಕಿಂತ ಇದು ಒಳ್ಳೆಯದಲ್ಲವೇ?

ಗರಿಗಂಟು, ಬೆಂಗಳೂರು

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಪೂರ್ತಿ ಬೆಳೆದ ಗರಿಯನ್ನು ಸರಿಯಾಗಿ ಕತ್ತರಿಸಿದರೆ ನೋವಿಲ್ಲ, ನಿಜ. ಆದರೆ ಹೊಸದಾಗಿ ಬರುತ್ತಿರುವ ಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ. ಅದಕ್ಕೆ ಕತ್ತರಿ ತಾಗಿದರೆ ರಕ್ತ ಸುರಿಯುತ್ತದೆ. ಬಡ್ಜಿಯ ತೂಕ 30ರಿಂದ 40 ಗ್ರಾಂ. ಇಡೀ ಮೈಯಲ್ಲಿರುವ ರಕ್ತವೇ 3ರಿಂದ 4 ಮಿಲಿಲೀಟರ್. ಕೆಲವು ಹನಿ ಹೋದರೂ ಹೆದರಬೇಕಾದ ವಿಷಯ. ಹಾಗಾದರೆ ಆ ಜಾಗಕ್ಕೆ ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ತನ್ನಿ.

ನನಗೆ ಇನ್ನೂ ದೊಡ್ಡ ಚಿಂತೆ ಬೇರೆ ಇದೆ. ರೆಕ್ಕೆ ಕತ್ತರಿಸಿದ ಹಕ್ಕಿಗೆ ತಾನು ಹಾರಲಾರೆ ಅಂತ ಗೊತ್ತಿರುವುದಿಲ್ಲ. ಬೆದರಿದಾಗ ಹಾರಲು ಹೋಗಿ ನೆಲಕ್ಕೆ ಅಪ್ಪಳಿಸುತ್ತದೆ, ಎದೆಮೂಳೆಗೆ ಪೆಟ್ಟಾಗುತ್ತದೆ. ನೆಲದಲ್ಲೇ ಓಡಾಡುವ ಹಕ್ಕಿ ಕಾಲಡಿಗೆ ಸಿಗುವುದೂ ಸುಲಭ. ಅದೂ ಅಲ್ಲದೆ, ಕತ್ತರಿಸಿದ್ದೇವೆ ಅನ್ನುವ ಧೈರ್ಯದಲ್ಲಿ ಮನೆಯವರು ಬಾಗಿಲು ತೆಗೆದಿಡುತ್ತಾರೆ. ಒಂದೆರಡು ಗರಿ ಬೆಳೆದು ಜೋರು ಗಾಳಿ ಬೀಸಿದರೆ ಅಂಥ ಹಕ್ಕಿಯೂ ಬಾಲ್ಕನಿಯಿಂದ ಹೊರಗೆ ಹೋಗುತ್ತದೆ. ಆಮೇಲೆ ತಪ್ಪಿಸಿಕೊಳ್ಳಲು ಬೇಕಾದ ರೆಕ್ಕೆ ಇರುವುದಿಲ್ಲ. ಬಾಗಿಲು ಇಡೀ ದಿನ ತೆಗೆದೇ ಇರುವ ಮನೆಯಲ್ಲಿ ಒಂದು ಚಿಕ್ಕ ಕೋಣೆಯನ್ನು ಅರ್ಧ ಗಂಟೆ ಮುಚ್ಚಿಟ್ಟುಕೊಂಡು ಅಲ್ಲಿ ಬಿಡಿ. ಅದು ಸಾಧ್ಯವೇ ಇಲ್ಲ ಅನ್ನುವುದಾದರೆ ಉದ್ದನೆಯ, ಒಳಗೇ ಹಾರುವಷ್ಟು ಅಗಲ ಇರುವ ಪಂಜರ ಮಾಡಿಸಿ.

ಹುಬ್ಬಳ್ಳಿಹಕ್ಕಿ, ಹುಬ್ಬಳ್ಳಿ

ಕೋಣೆಯ ಮಾತು ಹಿಡಿಸಿತು. ದೇವರ ಕೋಣೆ ಪಕ್ಕ ಒಂದು ಚಿಕ್ಕ ರೂಮ್ ಇದೆ, ಅದಕ್ಕೆ ಫ್ಯಾನೂ ಇಲ್ಲ. ಈ ಸಲ ಹೊಸ ಗರಿ ಬಂದಾಗ ಕತ್ತರಿಸುವುದಿಲ್ಲ, ಅಲ್ಲಿ ಬಿಟ್ಟು ನೋಡುತ್ತೇನೆ.

ದಕ್ಷಿಣದ ಗಾಳಿ, ಮೆಲ್ಬರ್ನ್

ಮೂಲೆಮನೆಯವರ ಅತ್ತೆಯ ಮಾತಿಗೆ ನಾನು ಉತ್ತರ ಕೊಡಲೇ? ಅವರ ಮನಸ್ಸು ದೊಡ್ಡದು. ಅದಕ್ಕೇ ಅವರಿಗೆ ಸರಿಯಾಗಿ ತಿಳಿಯಬೇಕು.

ಬಡ್ಜಿಗಳ ಊರು ಇಲ್ಲಿ, ಆಸ್ಟ್ರೇಲಿಯಾದಲ್ಲಿ. ನಾನಿರುವ ಕರಾವಳಿ ನಗರದಲ್ಲಲ್ಲ, ನಡುವಿನ ಒಣ ಬಯಲಲ್ಲಿ. ಅಲಿಸ್ ಸ್ಪ್ರಿಂಗ್ಸ್ ಕಡೆ ಹೋದಾಗ ಬೆಳಗಿನ ಹೊತ್ತು ನೀರಿನ ಹೊಂಡಕ್ಕೆ ಬರುವುದನ್ನು ನೋಡಿದ್ದೇನೆ. ಎಲ್ಲವೂ ಹಸಿರು ಹಳದಿ. ನೀಲಿ, ಬಿಳಿ ಎಲ್ಲ ಸಾಕಿದವರು ಆರಿಸಿ ಬೆಳೆಸಿದ ಬಣ್ಣಗಳು. ಮಳೆ ಎಲ್ಲಿ ಬಿತ್ತೋ, ಹುಲ್ಲು ಎಲ್ಲಿ ಬೀಜ ಕಟ್ಟಿತೋ ಅಲ್ಲಿಗೆ ಗುಂಪು ಗುಂಪಾಗಿ ಹೋಗುತ್ತವೆ. ನೀಲಗಿರಿ ಜಾತಿಯ ಮರಗಳ ಪೊಟರೆಯಲ್ಲಿ ಮರಿ ಮಾಡುತ್ತವೆ. ಗಿಡುಗ ಬಂದರೆ ನೂರಾರು ಕಣ್ಣು ಒಟ್ಟಿಗೆ ನೋಡುತ್ತಿರುತ್ತವೆ.

1840ರಲ್ಲಿ ಜಾನ್ ಗೌಲ್ಡ್ ಅನ್ನುವವರು ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಒಯ್ದರು. ಆಮೇಲೆ ತಲೆಮಾರುಗಳೇ ಪಂಜರದಲ್ಲಿ ಹುಟ್ಟಿ ಬೆಳೆದಿವೆ. ನಿಮ್ಮ ಮನೆಯ ಜೋಡಿಗೆ ಬಟ್ಟಲಿನ ನವಣೆ ಬಿಟ್ಟು ಬೇರೆ ಊಟ ಹುಡುಕಿ ಗೊತ್ತಿಲ್ಲ. ಬೆಂಗಳೂರಿನ ಕಾಗೆ ಗೊತ್ತಿಲ್ಲ, ಬಿಜ್ಜು ಗಿಡುಗ ಗೊತ್ತಿಲ್ಲ. ಆಕಾಶಕ್ಕೆ ಬಿಟ್ಟರೆ ಒಂದೆರಡು ದಿನ ಬದುಕುವುದೂ ಕಷ್ಟ.

ಅತ್ತೆಯ ಮಾತು ನಮ್ಮೂರಿನ ಗಿಳಿಗೆ ಸರಿ. ಕಾಡಿನಿಂದ ಹಿಡಿದು ತಂದ ನಮ್ಮ ಕೆಂಪು ಕೊರಳಿನ ಹಸಿರು ಗಿಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಬಡ್ಜಿಗೆ ಮಾತ್ರ ನಿಮ್ಮ ಹಾಲ್‌ನಲ್ಲಿ ಹಾರುವುದೇ ಸಿಗಬಹುದಾದ ಬಿಡುಗಡೆ. ಅದನ್ನು ದಿನಾ ಕೊಡಿ.

ಇನ್ನೊಂದು ಮಾತು. ಇವು ನೆಲದ ಮೇಲೆ ಬೀಜ ಆರಿಸಿ ತಿನ್ನುವ ಹಕ್ಕಿಗಳು. ಮನೆಯಲ್ಲೂ ನೆಲಕ್ಕೆ ಇಳಿದು ಸದ್ದಿಲ್ಲದೆ ನಡೆದಾಡುತ್ತವೆ. ಕಾಲು ಎತ್ತಿ ಇಡುವ ಮೊದಲು ಕೆಳಗೆ ನೋಡಿ. ಸೋಫಾದ ಮೇಲೆ ಕೂರುವ ಮೊದಲೂ ನೋಡಿ.

ಮೂಲೆಮನೆ, ಬೆಂಗಳೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಲ್ಬರ್ನ್‌ನವರ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. "ಹಾಗಾದ್ರೆ ಬೇಡಪ್ಪ, ನಮ್ಮ ಹಾಲ್‌ನಲ್ಲೇ ಹಾರಾಡಲಿ" ಅಂದರು. ಫ್ಯಾನ್ ಸ್ವಿಚ್ಚಿಗೆ ಟೇಪ್ ಅಂಟಿಸುವ ಕೆಲಸ ಅವರೇ ವಹಿಸಿಕೊಂಡಿದ್ದಾರೆ. ಮೆಶ್ ಇಲ್ಲದ ಕಿಟಕಿಗೆ ಮೆಶ್ ಹಾಕಿಸುತ್ತಿದ್ದೇವೆ. ನಾನ್‌ಸ್ಟಿಕ್ ತವಾ ಅಟ್ಟ ಸೇರಿತು.

ಈಗ ಉಳಿದಿರುವುದು ಗಾಜಿನ ಬಾಗಿಲು. ಮತ್ತೆ ಮೊದಲ ಸಲ ಹೇಗೆ ಬಿಡುವುದು? ಬೆರಳ ಮೇಲೆ ಕೂರಿಸಿಕೊಂಡು ಹೊರಗೆ ತರಲಾ? ನೀಲಿ ಬರದಿದ್ದರೆ ಹಿಡಿದು ತರಬಹುದಾ?

ಕಡಲಮಗ್ಗುಲು, ಉಡುಪಿ

ಹಿಡಿದು ತರಬೇಡಿ. ಇದೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಪಂಜರ ಹಕ್ಕಿಯ ಮನೆ. ಅಲ್ಲಿಗೆ ಕೈ ಹಾಕಿ ಎಳೆದು ತಂದರೆ ನೀವು ಇಷ್ಟು ದಿನ ಸಂಪಾದಿಸಿದ ನಂಬಿಕೆ ಒಂದೇ ಕ್ಷಣದಲ್ಲಿ ಹೋಗುತ್ತದೆ.

ನಾವು ಮಾಡುವುದು ಹೀಗೆ. ಹಗಲು ಹೊತ್ತು, ಮನೆ ಶಾಂತವಾಗಿರುವಾಗ. ಕಿಟಕಿ ಮುಚ್ಚಿ ಕರ್ಟನ್ ಎಳೆದು ಲೈಟ್ ಹಾಕುತ್ತೇವೆ. ಕನ್ನಡಿಗೆ ಟವಲ್ ಹೊದಿಸುತ್ತೇವೆ. ಬೀರುವಿನ ಹಿಂದೆ, ಫ್ರಿಜ್ಜಿನ ಹಿಂದೆ ಇರುವ ಸಂದುಗಳಿಗೆ ರಟ್ಟು ಅಥವಾ ಹಳೇ ಬೆಡ್‌ಶೀಟ್ ತುರುಕುತ್ತೇವೆ. ಅಲ್ಲಿ ಜಾರಿದರೆ ತೆಗೆಯುವುದು ಬಹಳ ಕಷ್ಟ. ಆಮೇಲೆ ಪಂಜರದ ಬಾಗಿಲು ತೆಗೆದು ಕ್ಲಿಪ್ ಹಾಕಿ, ಇಲ್ಲದಿದ್ದರೆ ಜಾರಿ ಬಿದ್ದು ಕುತ್ತಿಗೆಗೆ ತಾಗಬಹುದು. ಬಾಗಿಲ ಹತ್ತಿರ ಒಂದು ಕಡ್ಡಿ ಕಟ್ಟಿ. ಪಂಜರದ ಮೇಲೆ ಒಂದು ನವಣೆ ತೆನೆ ಇಡಿ. ನೀವು ದೂರ ಕೂತು ನಿಮ್ಮ ಕೆಲಸ ನೋಡಿಕೊಳ್ಳಿ, ಪುಸ್ತಕ ಓದಿ, ಮೆಲ್ಲಗೆ ಮಾತಾಡುತ್ತಿರಿ.

ಮೊದಲ ದಿನ ಬಾಗಿಲ ತನಕ ಬಂದು ಇಣುಕಿ ವಾಪಸ್ ಹೋಗಬಹುದು. ಹೋಗಲಿ. ಕೆಲವು ಹಕ್ಕಿಗಳು ವಾರಗಟ್ಟಲೆ ಹಾಗೇ ಮಾಡುತ್ತವೆ. ಹಸಿರು ಹಕ್ಕಿ ಹೊರಗೆ ಬಂದರೆ ನೀಲಿ ಅದನ್ನು ನೋಡಿಯೇ ಕಲಿಯುತ್ತದೆ. ಮೊದಲ ಹಾರಾಟ ಚೆಂದ ಇರುವುದಿಲ್ಲ, ಅದಕ್ಕೆ ಸಿದ್ಧರಾಗಿರಿ. ಕೋಣೆ ಸುತ್ತಿ ಸುತ್ತಿ ಕರ್ಟನ್ ರಾಡಿನ ಮೇಲೆ ಹೋಗಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಆಗ ಏಣಿ ತಂದು ಹತ್ತಬೇಡಿ. ಉಸಿರು ಹಿಡಿಯಲು ಬಿಡಿ. ಎಲ್ಲಿ ಇಳಿಯಬಹುದು ಅಂತ ತೋರಿಸಲು ಎರಡು ಮೂರು ಕಡೆ ಕಡ್ಡಿ ಸ್ಟ್ಯಾಂಡ್ ಇಟ್ಟರೆ ಬೇಗ ಕಲಿಯುತ್ತವೆ.

ಗಾಜಿನ ವಿಷಯಕ್ಕೆ, ಶುರುವಿನಲ್ಲಿ ಕರ್ಟನ್ ಮುಚ್ಚಿಯೇ ಇರಲಿ. ಬೆರಳ ಮೇಲೆ ಕೂರುವ ಹಕ್ಕಿಯನ್ನು ಗಾಜಿನ ಹತ್ತಿರ ಒಯ್ದು ಕೊಕ್ಕಿನಿಂದ ಮುಟ್ಟಲು ಬಿಡಿ. ಗಾಜಿನ ಮೇಲೆ ಒತ್ತೊತ್ತಾಗಿ ಕಾಗದದ ಪಟ್ಟಿ ಅಂಟಿಸಿ. ಆಮೇಲೆ ಕರ್ಟನ್ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಬನ್ನಿ.

ತಾರಸಿತೋಟ, ಮೈಸೂರು

ವಾಪಸ್ ಕಳಿಸುವುದಕ್ಕೆ ಒಂದೇ ಗುಟ್ಟು. ಊಟ ಪಂಜರದೊಳಗೆ ಮಾತ್ರ. ಹೊರಗೆ ಬಿಡುವ ಹೊತ್ತು ಊಟಕ್ಕೆ ಸ್ವಲ್ಪ ಮೊದಲು ಇರಲಿ. ಹಸಿವಿನಲ್ಲಿ ಕೆಡವಬೇಡಿ, ಇಷ್ಟು ಸಣ್ಣ ಹಕ್ಕಿ ಹೊಟ್ಟೆ ಖಾಲಿ ಇಟ್ಟುಕೊಂಡು ತಡೆಯಲಾರದು. ಒಂದು ಗಂಟೆ ಹಾರಾಡಿದ ಮೇಲೆ ಬಟ್ಟಲಿಗೆ ನವಣೆ ಸುರಿಯುವ ಸದ್ದು ಕೇಳಿಸಿದರೆ ತಾವಾಗಿ ಬರುತ್ತವೆ. ನಾನು ಕೊತ್ತಂಬರಿ ಸೊಪ್ಪಿನ ಒಂದು ಕಟ್ಟನ್ನು ಒಳಗೆ ನೇತುಹಾಕುತ್ತೇನೆ. ಅದನ್ನು ಕಂಡರೆ ನಮ್ಮವು ನಿಲ್ಲುವುದಿಲ್ಲ. ಮೊದಮೊದಲು ಪೂರ್ತಿ ಒಳಗೆ ಹೋದ ತಕ್ಷಣ ಬಾಗಿಲು ಬಡಿದು ಮುಚ್ಚಬೇಡಿ. ತಿನ್ನಲಿ, ನೀರು ಕುಡಿಯಲಿ, ಆಮೇಲೆ ಮೆಲ್ಲಗೆ ಮುಚ್ಚಿ.

ಗರಿಗಂಟು, ಬೆಂಗಳೂರು

ತುರ್ತು ಇದ್ದಾಗ ಮಾತ್ರ ಇದು. ಮನೆಗೆ ಯಾರೋ ಬಂದರು, ಹಕ್ಕಿ ಒಳಗೆ ಹೋಗುತ್ತಿಲ್ಲ. ಹಕ್ಕಿ ಎಲ್ಲಿ ಕೂತಿದೆ ನೋಡಿಕೊಂಡು ಕರ್ಟನ್ ಎಳೆದು ಲೈಟ್ ಆಫ್ ಮಾಡಿ. ಕತ್ತಲಲ್ಲಿ ಬಡ್ಜಿ ಹಾರುವುದಿಲ್ಲ. ತೆಳು ಹತ್ತಿ ಬಟ್ಟೆಯಿಂದ ಮೆಲ್ಲಗೆ ಎತ್ತಿಕೊಳ್ಳಿ. ಎದೆಯನ್ನು ಮಾತ್ರ ಒತ್ತಬೇಡಿ. ಹಕ್ಕಿಗಳಿಗೆ ನಮ್ಮಂತೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುವಿನ ಪರದೆ, ಇಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರೇನೇ ಉಸಿರು. ಬಿಗಿಯಾಗಿ ಹಿಡಿದರೆ ಉಸಿರು ಕಟ್ಟುತ್ತದೆ. ಕುತ್ತಿಗೆಯ ಎರಡೂ ಪಕ್ಕ ಬೆರಳಿಟ್ಟು, ಮೈಯನ್ನು ಅಂಗೈಯಲ್ಲಿ ಸಡಿಲವಾಗಿ ಇಟ್ಟುಕೊಳ್ಳಿ.

ಮನೆಯೊಳಗಿನ ಗಿಡಗಳನ್ನೂ ನೋಡಿ. ಮನಿ ಪ್ಲಾಂಟ್ ಕಚ್ಚಿದರೆ ಬಾಯಿ ಗಂಟಲು ಉರಿಯುತ್ತದೆ. ಡಿಫೆನ್‌ಬಾಕಿಯಾವೂ ಅಷ್ಟೇ. ಕಣಗಿಲೆ ವಿಷ. ಮೇಜಿನ ಮೇಲೆ ಬೆಣ್ಣೆಹಣ್ಣು, ಚಾಕೊಲೇಟ್ ಬಿಡಬೇಡಿ, ಎರಡೂ ಹಕ್ಕಿಗೆ ವಿಷವೇ. ಚಾರ್ಜರ್ ವೈರುಗಳನ್ನು ಕಚ್ಚುವ ಚಟವೂ ಇದೆ.

ಬೆಟ್ಟದಬುಡ, ಚಿಕ್ಕಮಗಳೂರು

ಇಷ್ಟೆಲ್ಲ ನೋಡಿಕೊಂಡರೂ ಹೊರಗೆ ಹಾರಿಹೋದರೆ ಏನು ಮಾಡಬೇಕು? ಅದನ್ನೂ ಇಲ್ಲೇ ಬರೆದಿಟ್ಟರೆ ಒಳ್ಳೆಯದು. ಆ ಹೊತ್ತಿಗೆ ಹುಡುಕಲು ತಲೆ ಓಡುವುದಿಲ್ಲ.

ಕಡಲಮಗ್ಗುಲು, ಉಡುಪಿ

ಮೊದಲು ಯಾವ ದಿಕ್ಕಿಗೆ ಹೋಯಿತು, ಎಲ್ಲಿ ಇಳಿಯಿತು ಅಂತ ಕಣ್ಣು ಕೀಳದೆ ನೋಡಿ. ಓಡಿ ಅಟ್ಟಿಸಿಕೊಂಡು ಹೋಗಬೇಡಿ. ಬಡ್ಜಿಗೆ ಮೇಲೆ ಹೋಗುವುದು ಗೊತ್ತು, ಎತ್ತರದ ಮರದಿಂದ ಕೆಳಗಿಳಿದು ಅಭ್ಯಾಸವಿಲ್ಲ. ಎಷ್ಟೋ ಸಲ ಹತ್ತಿರದ ಮರದ ತುದಿಯಲ್ಲೇ ಗಾಬರಿಯಿಂದ ಕೂತಿರುತ್ತದೆ.

ಜೊತೆಗಾರ ಇದ್ದರೆ ಅದೇ ನಿಮ್ಮ ದೊಡ್ಡ ಬಲ. ಅದರ ಪಂಜರವನ್ನು ಭದ್ರವಾಗಿ ಮುಚ್ಚಿ ತಾರಸಿಯ ಮೇಲೆ ನೆರಳಲ್ಲಿ ಇಡಿ, ನೀವು ಪಕ್ಕದಲ್ಲೇ ಇರಿ. ಅದು ಕೂಗುತ್ತದೆ. ಪಕ್ಕಕ್ಕೆ ಇನ್ನೊಂದು ಪಂಜರ ಬಾಗಿಲು ತೆಗೆದು, ತೆನೆ ನೀರು ಇಟ್ಟು ಇಡಿ. ಜೊತೆಗಾರ ಇಲ್ಲದಿದ್ದರೆ ಅದರ ಸದ್ದಿನ ರೆಕಾರ್ಡಿಂಗ್ ಹಾಕಿ. ಇವತ್ತೇ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಮಾಡಿಟ್ಟುಕೊಳ್ಳಿ, ಎಲ್ಲರೂ. ಸಂಜೆ ಕತ್ತಲಾಗುವ ಮೊದಲು ಮತ್ತೆ ಬೆಳಕು ಹರಿಯುವ ಹೊತ್ತಿಗೆ ಕರೆಯುವುದನ್ನು ತಪ್ಪಿಸಬೇಡಿ. ಆಗಲೇ ಹಸಿವು, ಆಗಲೇ ಗುಂಪಿನ ನೆನಪು. ಕಾಗೆಗಳು ಒಂದೇ ಮರದ ಸುತ್ತ ಗಲಾಟೆ ಮಾಡುತ್ತಿದ್ದರೆ ಬೇಗ ಅಲ್ಲಿಗೆ ಹೋಗಿ ನೋಡಿ. ಫೋಟೊ ಹಾಕಿ ಬೀದಿಯ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪುಗಳಲ್ಲಿ ತಿಳಿಸಿ. ಇಸ್ತ್ರಿ ಅಂಗಡಿಯವರಿಗೆ, ತರಕಾರಿ ಗಾಡಿಯವರಿಗೆ ಹೇಳಿ. ದಣಿದ ಬಡ್ಜಿ ಯಾರದೋ ಭುಜದ ಮೇಲೆ ಬಂದು ಇಳಿಯುವುದೂ ಉಂಟು.

ಮೂಲೆಮನೆ, ಬೆಂಗಳೂರು

ಬಿಟ್ಟೆವು! ಹಸಿರು ಹಕ್ಕಿ ಪಂಜರದ ಮೇಲೆ ಹತ್ತಿ ತೆನೆ ಅರ್ಧ ಮುಗಿಸಿ, ಆಮೇಲೆ ಹಾರಿತು. ಹೇಳಿದ ಹಾಗೇ ಕರ್ಟನ್ ರಾಡಿನ ಮೇಲೆ ಹೋಗಿ ಕೂತಿತು. ನಾವು ಯಾರೂ ಏಳಲಿಲ್ಲ. ನೀಲಿ ಬಾಗಿಲ ತನಕ ಬಂದು ಕೂಗುತ್ತಿತ್ತು, ಆ ಕೂಗಿಗೇ ಹಸಿರು ವಾಪಸ್ ಬಂತು. ನೀಲಿ ಇನ್ನೂ ಹೊರಗೆ ಬಂದಿಲ್ಲ. ಬರುವ ತನಕ ಕಾಯುತ್ತೇವೆ.

ಕೊನೆಯದಾಗಿ ಒಂದೇ ಪ್ರಶ್ನೆ. ಬಾಲ್ಕನಿಗೆ ಪಾರಿವಾಳದ ನೆಟ್ ಹಾಕಿಸಿದ್ದೇವೆ. ಅಲ್ಲಿ ಬಿಡಬಹುದಾ? ಬಿಸಿಲು ಸಿಗುತ್ತದಲ್ಲ ಅಂತ.

ಗರಿಗಂಟು, ಬೆಂಗಳೂರು

ಬಿಡಬೇಡಿ. ಆ ನೈಲಾನ್ ನೆಟ್ ಪಾರಿವಾಳದ ಅಳತೆಗೆ ಮಾಡಿದ್ದು. ಬಡ್ಜಿ ಅದರ ಕಣ್ಣಿನಲ್ಲಿ ತೂರಿ ಹೋಗಬಹುದು. ತಲೆ ತೂರಿಸಿ ಸಿಕ್ಕಿಕೊಳ್ಳಬಹುದು, ಉಗುರು ಸಿಕ್ಕಿ ಕಾಲು ಮುರಿದುಕೊಳ್ಳಬಹುದು. ದಾರ ಕಚ್ಚಿ ತೂತು ಮಾಡುವುದೂ ಅದಕ್ಕೆ ಸುಲಭ.

ಬಿಸಿಲು ಬೇಕು, ಆ ಮಾತು ಸರಿ. ಗಾಜಿನೊಳಗಿಂದ ಬರುವ ಬಿಸಿಲು ಸಾಲದು, ಮೈಗೆ ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ಅದಕ್ಕೆ ಪಂಜರ ಸಮೇತ ಬಾಲ್ಕನಿಗೆ ತನ್ನಿ. ಬೆಳಗಿನ ಎಳೆ ಬಿಸಿಲಲ್ಲಿ, ಅರ್ಧ ಪಂಜರಕ್ಕೆ ಬಟ್ಟೆ ಹೊದಿಸಿ. ನೆರಳು ಬೇಕಾದಾಗ ಅವೇ ಸರಿದುಕೊಳ್ಳಲಿ. ಪಂಜರದ ಬಾಗಿಲಿಗೆ ಒಂದು ಕ್ಲಿಪ್ ಹಾಕಿ. ಕೊಕ್ಕಿನಿಂದ ಬಾಗಿಲು ಎತ್ತುವುದನ್ನು ಕಲಿತ ಬಡ್ಜಿಗಳು ಬಹಳ ಇವೆ. ಕಾಗೆ, ಗಿಡುಗ, ಬೆಕ್ಕು ಯಾವುದು ಬಂದರೂ ಗೊತ್ತಾಗುವಂತೆ ನೀವೋ ಅತ್ತೆಯೋ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಇರಿ. ಒಳಗೆ ಹೋಗಬೇಕಾದರೆ ಪಂಜರವೂ ನಿಮ್ಮ ಜೊತೆ ಒಳಗೆ ಬರಲಿ.